ಅರವತ್ತರ ಕಿವಿ

ಚುಫು, ಚೀನಾ, ಸೋಮವಾರ

ಪ್ರೀತಿಯ ಅಕ್ಕ,

ಮಾವನವರಿಗೆ ಅರವತ್ತು ತುಂಬಿತು. ಆ ವಯಸ್ಸಿಗೆ ಯಾರ ಮಾತೂ ಕಿವಿಗೆ ಚುಚ್ಚದು ಎಂದಿದ್ದಾನೆ ಈ ಊರಲ್ಲೇ ಹುಟ್ಟಿದ ಗುರು ಕನ್‌ಫ್ಯೂಷಿಯಸ್. ಜಗಳಗಂಟ ಮಾವ ಈಗ ಎಲ್ಲಕ್ಕೂ ನಕ್ಕು ತಲೆದೂಗುತ್ತಾರೆಂದು ಬೀದಿಯೇ ಕೊಂಡಾಡುತ್ತಿದೆ. ನನಗೆ ಮಾತ್ರ ಅನುಮಾನ: ಮನಸ್ಸು ಮಾಗಿದ್ದೋ, ಕಿವಿ ಹೋಗಿದ್ದೋ? ಮಗಳನ್ನು ದಿನಾ ಸ್ಕೂಟರಿನಲ್ಲಿ ಶಾಲೆಗೆ ಬಿಡುವವರು ಅವರೇ. ಇವತ್ತು ಎದುರು ಕೂತು, "ಮಾವ, ಲಾರಿ ಹಾರನ್ನು ಕೇಳ್ಸುತ್ತಾ?" ಎಂದೆ.

"ನಲವತ್ತಕ್ಕೆ ಅನುಮಾನ ಬಿಡ್ಬೇಕು ಅಂತಾನೂ ಗುರು ಹೇಳಿದಾನೆ. ನೀವಿನ್ನೂ ಫೇಲಾ, ಅಳಿಯಂದ್ರೇ?" ಎಂದು ನಕ್ಕರು.

ಬೆನ್ನ ಹಿಂದೆ ಹೋಗಿ ಅದನ್ನೇ ಜೋರಾಗಿ ಕೇಳಿದೆ. ತಮ್ಮ ಪಾಡಿಗೆ ಗಂಜಿ ಕುಡಿಯುತ್ತಿದ್ದರು. ಇಷ್ಟು ದಿನ ನಮ್ಮ ತುಟಿ ನೋಡಿ ಉತ್ತರ ಕೊಟ್ಟಿದ್ದಾರೆ! ಸ್ಕೂಟರಿನ ಕೀಗೊಂಚಲು ಎತ್ತಿಕೊಂಡೆ. ಝಣ್ ಎಂದರೂ ತಿರುಗಲಿಲ್ಲ.

ನನ್ನ ಕೆಮ್ಮು ವಾಸಿ. ಮಗಳು ಬಾಗಿಲಲ್ಲಿ ಕಾಯುತ್ತಿದ್ದಾಳೆ, ಹೊರಟೆ.

ನಿನ್ನ ತಮ್ಮ,
ಶ್ರೀಕಂಠ