ತೂಕದ ಪಟ್ಟಿಗೆ ನೀನು ಬರೆದ ನಿಯಮ

ರಾಯದುರ್ಗ,
ಮಂಗಳವಾರ

ನನ್ನ ಹೊಲಿಗೆಯಾಗೂ ತಪ್ಪು, ನನ್ನ ಆಟದಾಗೂ ತಪ್ಪು ಹುಡುಕಿದ ನಾಗಮಣಿಗೆ,

ಚೆನ್ನಾಗಿದ್ದೀಯಾ? ಮಡಕಶಿರಾ ಕಡೆ ಕೆಲಸ ಸಿಕ್ಕಿತು ಅಂತ ನಮ್ಮ ಜೀನ್ಸ್ ಯೂನಿಟ್ಟಿನ ಚೆಕಿಂಗ್ ಕೆಲಸ ಬಿಟ್ಟು ಹೊರಟುಹೋದೆ, ಸಂತೋಷ. ಆದರೆ ನಾನು ನಿನಗೆ ಹೇಳಬೇಕಾದ ಮಾತೊಂದು ಇಲ್ಲೇ ಉಳೀತು. ಫೋನಿನಾಗ ಹೇಳಿದರೆ ನೀನು ನಗ್ತೀ, ನಾನು ಮಾತು ಮರೀತೀನಿ. ಅದಕ್ಕೇ ಪತ್ರ.

ನಿನಗೆ ಗೊತ್ತಿರೋದೇ. ಹೋದ ವರ್ಷ ಡಿ. ಹಿರೇಹಾಳ್ ರಸ್ತೆಯಾಗ ಬೈಕಿನಿಂದ ಬಿದ್ದು ಬಲಗಾಲು ಮುರೀತು. ಮೂಳೆ ಕೂಡಿತು, ಬಲ ಮಾತ್ರ ಬರಲಿಲ್ಲ. ಮಿಷನ್ನಿನ ಪೆಡಲ್ ಒತ್ತಿದರೆ ಹಿಡಿತವೇ ಸಿಗದೆ ಹೊಲಿಗೆ ಎತ್ತಲೋ ಓಡಿಹೋಗ್ತಿತ್ತು. ಹದಿನಾಲ್ಕು ವರ್ಷ ಜೀನ್ಸ್ ಹೊಲಿದವನು ದಾರ ಕತ್ತರಿಸೋ ಕೆಲಸಕ್ಕೆ ಕೂತೆ. ಮತ್ತೆ ಮಿಷನ್ ಮುಂದೆ ಕೂರ್ತೀನೋ ಇಲ್ಲವೋ ಅನ್ನೋ ಭಯ ಎಷ್ಟಿತ್ತಂದರೆ, ಹೆಂಡತಿಗೂ ಹೇಳಿರಲಿಲ್ಲ.

ಭಾನುವಾರ ಮಧ್ಯಾಹ್ನದ ಆ ಆಟವೇ ನನ್ನ ಉಸಿರಾಗಿತ್ತು. ಯೂನಿಟ್ಟಿನ ಕಟಿಂಗ್ ಟೇಬಲ್ ಮೇಲೆ, ನಮ್ಮ ಜೊತೆ ಕೆಲಸ ಮಾಡೋ ಓಬುಲೇಶ್ ತರಿಸಿದ ಇಪ್ಪತ್ತು ಮುಖದ ದಾಳ. ಕಥೆ ಹೇಳೋನು ನಾನು, ಕಥೆಯೊಳಗಿನ ವೀರರು ನೀವಿಬ್ಬರು, ಗೆಲುವು ಸೋಲು ದಾಳದ ಕೈಯಾಗ. ಆಟದ ಪುಸ್ತಕದಾಗ ಇಲ್ಲದ ನಿಯಮ ನಾನೇ ಕಟ್ಟಿದೆ: ಕಾಲಿಗೆ ತೂಕದ ಪಟ್ಟಿ ಕಟ್ಟಿಕೊಂಡ ವೀರನಿಗೆ ದಾಳದಲ್ಲಿ ಎರಡು ಅಂಕ ಕಡಿತ, ಐದು ಆಟ ಬಿಚ್ಚದೆ ತಾಳಿದರೆ ಬಲ ಹೆಚ್ಚು, ತೂಕ ಎರಡು ಪಟ್ಟಾದರೆ ಬಲವೂ ಎರಡು ಪಟ್ಟು. ಓಬುಲೇಶ್ ಭಲೇ ಅಂದ. ನೀನು, ಪ್ಯಾಂಟಿನ ಹೊಲಿಗೆ ಎಳೆದು ನೋಡೋ ಹಾಗೆ, ಆ ಹಾಳೆ ಹಿಡಿದು ಕೂತೆ.

"ನಮ್ಮೂರು ರೊಳ್ಳದಾಗೆ ನಮ್ಮಜ್ಜಿ ಕದರಮ್ಮ ನಲವತ್ತು ವರ್ಷ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ಲು. ನಿನ್ನ ರೂಲ್ ಪ್ರಕಾರ ಅವ್ಳು ಈಗ ಬಂಡೆ ಎತ್ಬೇಕಿತ್ತು. ನೆಟ್ಟಗೆ ನಿಂತ್ಕಣಾಕೂ ಆಗಲ್ಲ ಅವ್ಳಿಗೆ. ಹೊತ್ತರೆ ಬಲ ಬರಲ್ಲ ಕಣಣ್ಣ, ಹೊತ್ತಿದ್ದು ಇಳಿಸಿ ಉಂಡು ಮಲಗಿದ್ರೆ ಬರ್ತದೆ" ಅಂದೆ ನೀನು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಆಟ ನಂದು, ಬೇಕಿದ್ರೆ ಆಡು, ಇಲ್ಲಾಂದ್ರೆ ಎದ್ದು ಹೋಗು" ಅಂತ ಕೂಗಿದೆ. ನೀನು ಹೋಗಲಿಲ್ಲ. ನನ್ನ ಕಾಲು ನೋಡ್ತಾ ಕೂತಿದ್ದೆ. ಆ ಪ್ಯಾಂಟಿನೊಳಗೆ ಏನಿತ್ತು ಅಂತ ನಿನಗೆ ಹೇಗೆ ಗೊತ್ತಾಯಿತೋ! ಜೀನ್ಸ್ ಚೂರಿನಾಗ ನಾನೇ ಕೈಯಿಂದ ಹೊಲಿದ ಮರಳಿನ ಪಟ್ಟಿ, ಎರಡು ಕೆಜಿ. ಡಾಕ್ಟರ್ ಹೇಳಿದ್ದು ಅರ್ಧ ಕೆಜಿ, ದಿನಕ್ಕೆ ಹತ್ತು ನಿಮಿಷ. ನಾನು ಬೆಳಗಿಂದ ಸಂಜೆತನಕ ಕಟ್ಟಿಕೊಂಡು ತಿರುಗ್ತಿದ್ದೆ. ಬೇಗ ಬಲ ಬರಲಿ ಅಂತ ಹುಚ್ಚು.

ನೀನು ಬಗ್ಗಿ ಪಟ್ಟಿ ಬಿಚ್ಚಿದೆ. ಪಾದ ಊದಿ ಕುಂಬಳಕಾಯಿ ಆಗಿತ್ತು. ಬೈತೀಯ ಅಂತ ಕಾದೆ. ನೀನು ಪೆನ್ನು ತಗೊಂಡು ನನ್ನ ನಿಯಮ ಹೊಡೆದುಹಾಕಿ ಕೆಳಗೆ ಬರೆದೆ: "ತೂಕ ಕಟ್ಟಿದ ಮರುದಿನ ಬಿಚ್ಚಿಡಬೇಕು. ಬಲ ಏರುವುದು ಬಿಚ್ಚಿಟ್ಟ ದಿನವೇ. ನೋವಾದರೆ ಹೇಳಬೇಕು. ಹೇಳಿದವರಿಗೆ ಕಡಿತವಿಲ್ಲ." ಆ ಕೊನೇ ಸಾಲು ಓದಿ ನಾನು ಅತ್ತೆ. ಓಬುಲೇಶ್ ಪಾಪ, ದಾಳ ಬಿದ್ದಿದೆ ಅಂತ ಟೇಬಲ್ ಕೆಳಗೆ ಹುಡುಕೋ ನಾಟಕ ಮಾಡಿದ.

ಮರುದಿನ ಡಾಕ್ಟರ್ ಹತ್ತಿರ ನೀನೇ ಕರಕೊಂಡು ಹೋದೆ. ಇನ್ನೊಂದು ತಿಂಗಳು ಹಾಗೇ ಬಿಟ್ಟಿದ್ದರೆ ಕಾಲು ಕೈಗೆ ಸಿಗ್ತಿರಲಿಲ್ಲ ಅಂದರು. ಅವತ್ತು ನಿನಗೆ ಥ್ಯಾಂಕ್ಸ್ ಅನ್ನಲಿಲ್ಲ, ಕೂಗಿದ್ದಕ್ಕೆ ಕ್ಷಮೆಯನ್ನೂ ಕೇಳಲಿಲ್ಲ. ಜಂಬ, ಇನ್ನೇನು. ಈಗ ಎರಡನ್ನೂ ಹೇಳ್ತಿದ್ದೀನಿ, ತಗೋ ತಾಯಿ.

ಆವತ್ತಿಂದ ನಿನ್ನ ನಿಯಮದ ಹಾಗೇ ನಡಕೊಂಡು, ನಿನ್ನೆ ಸೋಮವಾರ ಮತ್ತೆ ಮಿಷನ್ ಮುಂದೆ ಕೂತೆ. ಪೆಡಲ್ ಮಾತು ಕೇಳಿತು ನಾಗಮಣಿ! ಮಧ್ಯಾಹ್ನದೊಳಗೆ ಏಳು ಪ್ಯಾಂಟು ಮುಗಿಸಿದೆ, ನೀನಿದ್ದರೂ ಒಂದು ತಪ್ಪು ಹಿಡೀತಿರಲಿಲ್ಲ. ಎಂಟನೆಯದಕ್ಕೆ ಕಾಲು ಜಗ್ಗತೊಡಗಿತು. ಅರ್ಧಕ್ಕೇ ಬಿಟ್ಟು ಎದ್ದೆ. ನಮ್ಮ ಓನರ್ ಸಣ್ಣಬಸಪ್ಪ "ಯಾಕ ಭರತಾ, ಇಷ್ಟು ಬೇಗ?" ಅಂದರು. ಅಲ್ಲಿ ಕೂತ ಅಷ್ಟೂ ಮಂದಿ ಮುಂದೆ, ಜೀವನದಾಗ ಮೊದಲ ಸಲ, "ಕಾಲು ನೋಯ್ತದ್ರಿ, ಇವತ್ತಿಗೆ ಸಾಕು" ಅಂದೆ.

ನಿನ್ನ ಹೊಸ ಊರಿನಾಗ ನಿನ್ನ ಮಾತು ಕೇಳೋ ಜನ ಸಿಗಲಿ, ಉಂಡು ನೆಮ್ಮದಿಯಾಗಿ ನಿದ್ದೆ ಮಾಡೋ ಹಾಗಿರಲಿ ನಿನ್ನ ದಿನಗಳು.

ನಿನ್ನ ಸಿಡುಕು ಅಣ್ಣ,
ಭರತ್