ರಾಜನಿಗೆ ಶಾಪವಿದೆ ಎಂದು ವಾದಿಸಿದವಳು

ಬೆಮಿಜಿ, ಮಿನ್ನೆಸೋಟ
ಡಿಸೆಂಬರ್ 9, ಸೋಮವಾರ

ಪ್ರೀತಿಯ ಸಿಗ್ಗಿ,

ನಾನು ಚೆನ್ನಾಗಿದ್ದೇನೆ. ಮೊಣಕಾಲು ಎಂದಿನಂತೆ ಕಾಡುತ್ತಿದೆ, ಬೆಕ್ಕು ಇನ್ನಷ್ಟು ದಪ್ಪಗಾಗಿದೆ, ಕೆರೆ ಹೆಪ್ಪುಗಟ್ಟಿ ವಾರವಾಯಿತು. ನೀನು ಹೇಗಿದ್ದೀಯೆ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಹೊದೆಯಲು ಬೆಚ್ಚನೆಯದು ಕೊಟ್ಟಿದ್ದಾರಾ?

ತಡವಾಯಿತು, ಕ್ಷಮಿಸು. ನಿನ್ನ ಆಶ್ರಯಮನೆಯ ಯೊಲಾಂಡ ಫೋನ್ ಮಾಡಿ ಇವತ್ತಿಗೆ ಹನ್ನೆರಡು ದಿನ. "ಅಂಚೆಪೆಟ್ಟಿಗೆ ನಂಬರ್ ಕೊಡ್ತೀನಿ, ಅದಕ್ಕೆ ಬರೀರಿ. ಎಲ್ಲಿದಾಳೆ ಅಂತ ಮಾತ್ರ ಕೇಳಬೇಡಿ" ಎಂದಿದ್ದರು. ಅವತ್ತೇ ಕೂತೆ. ಬರೆದು ಬರೆದು ಹರಿದೆ. ಮೊದಲ ಕಾಗದದ ತುಂಬ ನನ್ನದೇ ಸಮರ್ಥನೆ, ಆಮೇಲಿನದರಲ್ಲಿ ನನ್ನ ಅಳಿಯ ಎನಿಸಿಕೊಂಡ ಡ್ಯಾರನ್‌ಗೆ ಎಂತೆಂಥ ಬೈಗುಳ ಅಂದರೆ ಅದನ್ನು ಅಂಚೆಗೆ ಹಾಕಲು ನನಗೇ ನಾಚಿಕೆಯಾಯಿತು. ಈ ಸಲ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಹೇಗೆ ತಗೊಳ್ಳಬೇಕು ಅನ್ನುವುದು ನಿನಗೆ ಬಿಟ್ಟದ್ದು.

ನವೆಂಬರ್ ಇಪ್ಪತ್ತನಾಲ್ಕು, ಭಾನುವಾರ, 'ಮುಳ್ಳರಮನೆ' ಧಾರಾವಾಹಿಯ ಕೊನೆಯ ಕಂತು ಬಂತು. ನೀನು ಮನೆ ಬಿಟ್ಟು ಆಗಲೇ ಮೂರು ದಿನ. ನನಗೇನು ಗೊತ್ತು? ನಮ್ಮ ಗುಂಪಿನ ಏಳೂ ಹೆಂಗಸರು ಚರ್ಚಿನ ನೆಲಮಾಳಿಗೆಯಲ್ಲಿ ತಟ್ಟೆ ಹಿಡಿದು ಕೂತಿದ್ದೆವು. ಕಥೆ ಹೇಗೆ ಮುಗಿಯುತ್ತದೆ ಎಂದು ಯಾರು ಹೇಳಿದ ಥಿಯರಿ ನಿಜವಾಗುತ್ತದೋ ಅವರಿಗೆ ತಗಡಿನ ಕಿರೀಟ, ನಿನಗೆ ಗೊತ್ತಲ್ಲ. ಅದಕ್ಕೆ ಎಲ್ಲರ ಥಿಯರಿಯನ್ನೂ, ನೀನು ಅಂಚೆಯಲ್ಲಿ ಕಳಿಸುವುದನ್ನೂ, ಮೊದಲೇ ಬರೆಸಿ ಗೋಡೆಯ ಹಲಗೆಗೆ ಚುಚ್ಚಿಟ್ಟಿರುತ್ತೇವೆ, ಆಮೇಲೆ ಯಾರೂ ಮಾತು ತಿರುಗಿಸಬಾರದು ಅಂತ.

ನನ್ನದು ಒಂದು ವರ್ಷದಿಂದ ಅದೇ: ರಾಜ ಆಲ್ಡ್ರಿಕ್ ಕೆಟ್ಟವನಲ್ಲ. ಮಲತಾಯಿ ಅವನ ಉಂಗುರಕ್ಕೆ ಮಾಟ ಮಾಡಿಸಿದ್ದಾಳೆ, ಅವನ ಸಿಟ್ಟೆಲ್ಲ ಅದರದ್ದು. ರಾಣಿ ವೆರೀನಾ ಏಳು ಚಳಿಗಾಲ ತಾಳಿಕೊಂಡು ಅವನ ಪಕ್ಕದಲ್ಲೇ ಇದ್ದರೆ ಶಾಪ ಒಡೆಯುತ್ತದೆ. ಉಂಗುರ ಒಂದು ದೃಶ್ಯದಲ್ಲಿ ಎಡಗೈಯಲ್ಲಿ, ಇನ್ನೊಂದರಲ್ಲಿ ಬಲಗೈಯಲ್ಲಿ ಇರುವುದನ್ನು ಪರದೆ ನಿಲ್ಲಿಸಿ ನಿಲ್ಲಿಸಿ ಕಂಡುಹಿಡಿದವಳೇ ನಾನು. ಅಂತರ್ಜಾಲದಲ್ಲಿ ಹಾಕಿದಾಗ ಎರಡು ಸಾವಿರ ಜನ ಭಲೇ ಎಂದಿದ್ದರು. ನಲವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸಿದವಳಿಗೆ ಅಷ್ಟು ಜನ ಯಾವತ್ತೂ ಭಲೇ ಅಂದಿರಲಿಲ್ಲ.

ಹಾಗೇ ಆಯಿತು, ಸಿಗ್ಗಿ. ಕೊನೆಯ ಕಂತಿನಲ್ಲಿ ರಾಣಿ ಅಳುತ್ತ ಅವನ ಕೈ ಹಿಡಿದಳು, ಉಂಗುರ ಚೂರಾಯಿತು, ರಾಜ ಅವಳ ಕಾಲಿಗೆ ಬಿದ್ದ. ಲವಾನ್ ಕುರ್ಚಿ ಹತ್ತಿ ನನ್ನ ತಲೆಗೆ ಕಿರೀಟ ಇಟ್ಟಳು. "ಏನೇ ಆರ್ಡಿಸ್, ಕಥೆ ಬರೆಯೋರು ನಿನ್ನ ಕೇಳ್ಕೊಂಡೇ ಬರೀತಾರೇನೇ!" ಎಂದು ಕಿರುಚಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಆ ಕಿರೀಟ ಹಾಕಿಕೊಂಡೇ ಕಾರು ಓಡಿಸಿಕೊಂಡು ಮನೆಗೆ ಬಂದು ನಿನಗೊಂದು ಕಾರ್ಡು ಬರೆದೆ: "ಅಮ್ಮ ಗೆದ್ದಳು, ಮಗಳು ಸೋತಳು!" ಅದು ಫಾರ್ಗೊದ ಆ ಮನೆಗೆ ಹೋಗಿ ಬಿದ್ದಿರುತ್ತದೆ. ನಿನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂಬುದಷ್ಟೇ ನನಗಿರುವ ಸಮಾಧಾನ.

ಮಾರನೆಯ ಬೆಳಿಗ್ಗೆ ಡ್ಯಾರನ್ ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೋಳಿಸಿರಲಿಲ್ಲ, ಕಣ್ಣು ಕೆಂಪಾಗಿತ್ತು. "ಅಮ್ಮ, ಸಿಗ್ಗಿ ಎಲ್ಲೋ ಹೋಗಿಬಿಟ್ಟಿದಾಳೆ. ಅವಳ ತಲೆ ಸರಿ ಇಲ್ಲಮ್ಮ ಈ ನಡುವೆ. ನಿಮಗೇನಾದ್ರೂ ಫೋನ್ ಮಾಡಿದ್ಳಾ?" ಎಂದ. ನನ್ನನ್ನು ಅಮ್ಮ ಎನ್ನುತ್ತಾನಲ್ಲ, ನನಗದು ಯಾವತ್ತೂ ಹಿತವಾಗಿತ್ತು. ಒಳಗೆ ಕೂರಿಸಿದೆ. ಹಿಂದಿನ ದಿನದ ಮಾಂಸ-ಆಲೂಗಡ್ಡೆಯ ಹಾಟ್‌ಡಿಶ್ ಬಿಸಿ ಮಾಡಿ ಬಡಿಸಿದೆ, ಎರಡು ಸಲ ಹಾಕಿಸಿಕೊಂಡ. ಅವನ ಬೆನ್ನು ಸವರಿ "ಅವಳು ಮೊದಲಿಂದಲೂ ಹಟಮಾರಿ ಕಣಪ್ಪ, ಬರ್ತಾಳೆ. ಸುದ್ದಿ ಬಂದ ತಕ್ಷಣ ಮೊದಲು ನಿನಗೇ ಹೇಳ್ತೀನಿ" ಎಂದೆ. ಇದನ್ನೂ ಬಚ್ಚಿಡುವುದಿಲ್ಲ.

ಬುಧವಾರ ಯೊಲಾಂಡ ಅವರ ಫೋನ್ ಬಂತು. "ನಿಮ್ಮ ಮಗಳು ಕ್ಷೇಮವಾಗಿದಾಳೆ, ಹೆಗಲಿನ ಮೂಳೆ ಕೂಡ್ತಾ ಇದೆ" ಎಂದರು. ಯಾವ ಮೂಳೆ? ನನಗೆ ಕೂರಬೇಕೆನಿಸಿತು, ಕುರ್ಚಿ ಎಲ್ಲಿದೆ ಎಂದು ತಿಳಿಯಲಿಲ್ಲ. ಅವರೇ ಎಲ್ಲ ಹೇಳಿದರು, ಮೆಲ್ಲಗೆ, ಪೂರ್ತಿ. ನಾನು ಹೇಳಿದ ಮೊದಲ ಮಾತು ಏನು ಗೊತ್ತಾ? "ನನಗೆ ಒಂದು ಮಾತು ಹೇಳಲಿಲ್ಲವಲ್ಲ ಅವಳು!"

"ಹೇಳಿದೀನಿ ಅಂತಾಳೆ, ಮೇಡಂ. ಅಕ್ಟೋಬರ್‌ನಲ್ಲೇ. ಥಿಯರಿ ಕಾಗದದಲ್ಲಿ."

ನಾನು ನಕ್ಕೆ. ನಿಜವಾಗಿ ನಕ್ಕುಬಿಟ್ಟೆ. "ಅಯ್ಯೋ, ಅದು ಟೀವಿ ಕಥೆ ಕಣ್ರೀ!"

ಅವರು ನಗಲಿಲ್ಲ. "ಅವನು ನಿಮಗೆ ಹೇಳಿದ ಹಾಗೆ ಅವಳ ಫೋನು ಕೆಟ್ಟಿರಲಿಲ್ಲ, ಅವನೇ ಇಸ್ಕೊಂಡಿದ್ದ. ಅವಳು ಬರೆದ ಕಾಗದ ಎಲ್ಲಾ ಓದಿಯೇ ಅಂಚೆಗೆ ಹಾಕ್ತಿದ್ದ. ರಾಜ, ರಾಣಿ, ಶಾಪ ಅಂತಿದ್ರೆ ಮಾತ್ರ ನಾಲ್ಕು ಸಾಲು ನೋಡಿ, ಅಮ್ಮ ಮಗಳಿಗೆ ಇದೇ ಹುಚ್ಚು ಅಂತ ತಾನೇ ಸ್ಟ್ಯಾಂಪು ಅಂಟಿಸ್ತಿದ್ದನಂತೆ. ಅವಳಿಗೆ ಉಳಿದಿದ್ದು ಅದೊಂದೇ ದಾರಿ."

ಆ ಕಾಗದ ನನ್ನ ಹತ್ತಿರ ಇರಲಿಲ್ಲ. ಎಲ್ಲಿತ್ತು ಹೇಳು? ಚರ್ಚಿನ ಹಲಗೆಯ ಮೇಲೆ. ನನ್ನ ಎದುರು ವಾದ ಎಂದು ನಾನೇ ಹೆಮ್ಮೆಯಿಂದ ಚುಚ್ಚಿದ್ದೆ. ಲವಾನ್ ಹತ್ತಿರ ಬೀಗದ ಕೈ ಇತ್ತು, ಇಬ್ಬರೂ ಹೋದೆವು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ, ಮೇಲೆ ಹೂವು ಜೋಡಿಸುತ್ತಿದ್ದರು. ನಾನು ಕೋಟು ಕೂಡ ತೆಗೆಯದೆ ಹಲಗೆಯ ಮುಂದೆ ನಿಂತು ಓದಿದೆ.

ನೀನು ಬರೆದಿದ್ದೆ: "ಅಮ್ಮ, ನನ್ನ ಪ್ರಕಾರ ಶಾಪವೇ ಇಲ್ಲ. ಉಂಗುರ ತೆಗೆದಿಟ್ಟಾಗಲೂ ರಾಜ ಹಾಗೇ ಇರುತ್ತಾನೆ." ಪಕ್ಕದಲ್ಲಿ ಕೆಂಪು ಪೆನ್ಸಿಲಿನಲ್ಲಿ ನನ್ನ ಅಕ್ಷರ: ಸಾಕ್ಷಿ ಎಲ್ಲಿ?

"ರಾಣಿ ಕುತ್ತಿಗೆ ಮುಚ್ಚುವ ಅಂಗಿಯನ್ನೇ ಏಕೆ ಹಾಕುತ್ತಾಳೆ ಎಂದು ಯಾರೂ ಕೇಳುವುದಿಲ್ಲ." ನನ್ನ ಕೆಂಪು ಬರಹ: ಆ ಕಾಲದ ಉಡುಪೇ ಹಾಗೆ!

"ಮೊದಲ ಹಿಮ ಬೀಳುವುದರೊಳಗೆ ಅವಳು ಅಡುಗೆಮನೆಯ ಬಾಗಿಲಿನಿಂದ ಹೊರಡುತ್ತಾಳೆ, ಹೊರಗೆ ಕುದುರೆ ಹಿಡಿದು ಯಾರಾದರೂ ನಿಂತಿದ್ದರೆ. ಗೋಪುರದಲ್ಲಿರುವ ಅವಳ ಅಮ್ಮ ಕೆಳಗೆ ಇಳಿದು ಬರುತ್ತಾಳಾ? ನಿನಗೆ ಏನನ್ನಿಸುತ್ತದೆ? ಬೇಗ ಉತ್ತರ ಬರಿ ಅಮ್ಮ, ತುಂಬ ಬೇಗ." 'ತುಂಬ ಬೇಗ'ದ ಕೆಳಗೆ ನೀನು ಎರಡು ಗೆರೆ ಎಳೆದಿದ್ದೆ. ಅದಕ್ಕೂ ನಾನು ಒಂದು ಮಾತು ಬರೆದಿದ್ದೆ: ಸೋಲುವ ಭಯ!

ಅಕ್ಟೋಬರ್ ಆರರ ಭಾನುವಾರ ಇದನ್ನು ನಾನು ಗಟ್ಟಿಯಾಗಿ, ನಿನ್ನ ಧ್ವನಿ ಅಣಕಿಸುತ್ತ ಓದಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಲವಾನ್ ಈಗ ನನ್ನ ಭುಜದ ಮೇಲಿಂದ ಓದಿ ಮುಗಿಸಿ, ಅಲ್ಲಿದ್ದ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕುಸಿದಳು. "ನಾವೆಲ್ಲ ನಕ್ಕಿದ್ವಲ್ಲೇ ಆರ್ಡಿಸ್. ಇಷ್ಟು ಜನ ಇದ್ವಿ. ಒಬ್ಬಳಿಗೂ ಹೊಳೀಲಿಲ್ವಲ್ಲೇ" ಎಂದಳು.

ನಕ್ಕದ್ದಾದರೂ ನಿನಗೆ ಕೇಳಿಸಲಿಲ್ಲ. ಉತ್ತರ ಬರೆದೆನಲ್ಲ, ಅದು ನಿನ್ನ ಕೈ ಸೇರಿತು. ನಾಲ್ಕು ಪುಟ! ಯಾವ ಕಂತು, ಎಷ್ಟನೇ ನಿಮಿಷ ಎಂದೆಲ್ಲ ಪುರಾವೆ ಕೊಟ್ಟು ಬರೆದಿದ್ದೆ. ರಾಣಿ ಹೊರಟರೆ ರಾಜ್ಯ ಹಾಳಾಗುತ್ತದೆ ಎಂದೆ. ಅವಳಿಗೆ ತಾಳ್ಮೆ ಸಾಲದು, ತಪ್ಪು ಅರ್ಧ ಅವಳದೇ ಎಂದೆ. ಗೋಪುರದ ಮುದುಕಿ ಖಂಡಿತ ಇಳಿದು ಬರುವುದಿಲ್ಲ, ಮಗಳು ಬಂದು ಬಾಗಿಲು ತಟ್ಟಿದರೂ ಅಗುಳಿ ತೆಗೆಯುವುದಿಲ್ಲ ಎಂದೆ. ಆ ಕಾಗದ ಬಂದ ಮೇಲೂ ನೀನು ಐದು ವಾರ ಅಲ್ಲೇ ಇದ್ದೆಯಂತೆ, ಹೆಗಲು ಮುರಿದದ್ದು ಆ ಐದು ವಾರದಲ್ಲಂತೆ. ಕೊನೆಗೆ ಯಾರೂ ಇಲ್ಲದೆ, ಒಂದೇ ಕೈಯಲ್ಲಿ ಚೀಲ ಹಿಡಿದು, ಪೆಟ್ರೋಲ್ ಬಂಕಿನವರೆಗೆ ಹಿಮದಲ್ಲಿ ನಡೆದೆಯಂತೆ. ನಾನು ಬರೀ ಎರಡೂವರೆ ಗಂಟೆಯ ದಾರಿಯಷ್ಟು ದೂರದಲ್ಲಿದ್ದೆ, ಕಾರಿನಲ್ಲಿ ಪೆಟ್ರೋಲ್ ತುಂಬಿತ್ತು.

ಯೊಲಾಂಡ ಫೋನ್ ಇಡುವ ಮೊದಲು ಒಂದು ಪ್ರಶ್ನೆ ಕೇಳಿದರು. "ನಿಮ್ಮ ಮಗಳು ಸಿಗ್ರಿಡ್ ಕೇಳು ಅಂದಿದಾಳೆ. ಅಮ್ಮ ಇನ್ನೂ ಅವನ ಕಡೆಗೇನಾ ಅಂತ." ನನಗೆ ಮಾತು ಹೊರಡಲಿಲ್ಲ, ಅವರು ಕಾದು ಕಾದು ಫೋನ್ ಇಟ್ಟರು. ನನ್ನ ಮೌನವನ್ನು ನೀನು ಏನೆಂದುಕೊಂಡೆಯೋ ಎಂದು ಈ ಹನ್ನೆರಡು ದಿನ ನಾನು ಬೆಂದಿದ್ದೇನೆ.

ಅದಕ್ಕೆ ಉತ್ತರ ಇಲ್ಲಿ ಬರೆಯುತ್ತೇನೆ. ನಾನು ಅವನ ಕಡೆ ಇಲ್ಲ. ಹಬ್ಬದ ದಿನ ಅವನು ಫೋನ್ ಮಾಡಿ "ಏನಾದ್ರೂ ಸುದ್ದಿ ಬಂತಾ ಅಮ್ಮ?" ಎಂದ. "ನಾನು ನಿನ್ನ ಅಮ್ಮ ಅಲ್ಲ. ಈ ನಂಬರಿಗೆ ಇನ್ನೊಮ್ಮೆ ಮಾಡಿದರೆ ಷೆರಿಫ್‌ಗೆ ಹೇಳ್ತೀನಿ" ಎಂದೆ. ಶನಿವಾರ ಅವನ ಪಿಕಪ್ ಮನೆ ಮುಂದೆ ಬಂದು ನಿಂತಿತ್ತು. ಹೇಳಿದಂತೆ ಷೆರಿಫ್‌ಗೆ ಹೇಳಿದೆ. ನೀನು ಎಲ್ಲಿದ್ದೀಯೆ ಎಂದು ನನಗೂ ಗೊತ್ತಿಲ್ಲದಿರುವುದೇ ಒಳ್ಳೆಯದು ಎಂದು ಆಗ ಅನ್ನಿಸಿತು, ಹಾಗಾಗಿ ಕೇಳುವುದಿಲ್ಲ.

ನಿನ್ನ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ರಕ್ಷಣೆಯ ಆದೇಶಕ್ಕಾಗಿ ಈ ತಿಂಗಳ ಹದಿನೆಂಟಕ್ಕೆ ಕೋರ್ಟಿನಲ್ಲಿ ವಿಚಾರಣೆ, ಅದಕ್ಕೆ ಇದು ಉಪಯೋಗಕ್ಕೆ ಬರಬಹುದು ಎಂದರು ಯೊಲಾಂಡ. ಕೆಂಪು ಬರಹ ಅಳಿಸಬೇಕೆಂದು ರಬ್ಬರ್ ಕೈಗೆ ತಗೊಂಡಿದ್ದೆ, ಅಳಿಸಲಿಲ್ಲ. ನೀನು ಒಪ್ಪಿದರೆ ನಾನೂ ಕೋರ್ಟಿಗೆ ಬಂದು, ಈ ಕೆಂಪು ಅಕ್ಷರ ನನ್ನದೇ ಎಂದು ನ್ಯಾಯಾಧೀಶರಿಗೆ ಹೇಳುತ್ತೇನೆ. ನೀನು ನನ್ನ ಮುಖ ನೋಡಬೇಕಿಲ್ಲ, ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಬೇಡ ಎಂದರೆ ಬರುವುದಿಲ್ಲ. ಹೌದು ಅಥವಾ ಬೇಡ, ಒಂದು ಮಾತು ಯೊಲಾಂಡ ಹತ್ತಿರ ಹೇಳಿಕಳಿಸು, ಅಷ್ಟು ಸಾಕು.

ಆ ಧಾರಾವಾಹಿಗೆ ಇನ್ನೊಂದು ಸೀಸನ್ ಬರುತ್ತದಂತೆ, ಲವಾನ್ ಹೇಳಿದಳು. ಭಾನುವಾರ ಈಗ ಯಾರೂ ನೆಲಮಾಳಿಗೆಗೆ ಹೋಗುತ್ತಿಲ್ಲ.

ದೇವರು ನಿನ್ನನ್ನು ಕಾಯಲಿ, ಮಗಳೇ. ಮುರಿದ ಮೂಳೆ ಗಟ್ಟಿಯಾಗಿ ಕೂಡಲಿ, ಕಣ್ತುಂಬ ನಿದ್ದೆ ಬರಲಿ. ಬಾಗಿಲ ಸದ್ದಾದರೆ ಬೆಚ್ಚಿ ಬೀಳದ ದಿನ ನಿನಗೆ ಬೇಗ ಬರಲಿ.

ನಿನ್ನ ಅಮ್ಮ,
ಆರ್ಡಿಸ್

ತಾ.ಕ.: ಮೇಲೆ ಬರೆದದ್ದನ್ನೆಲ್ಲ ಓದಿ ನೋಡಿದೆ. ಏನೂ ಗೊತ್ತಿಲ್ಲದ ಪೆದ್ದು ಅಮ್ಮನೊಬ್ಬಳು ಬರೆದ ಹಾಗಿದೆ. ಅದು ಸುಳ್ಳು. ಹೋದ ವರ್ಷದ ಥ್ಯಾಂಕ್ಸ್‌ಗಿವಿಂಗ್ ಬೆಳಿಗ್ಗೆ ನೀನು ನನ್ನ ಅಡುಗೆಮನೆಯಲ್ಲಿ ಟರ್ಕಿಗೆ ಬೆಣ್ಣೆ ಸವರುತ್ತಿದ್ದಾಗ ಅಂಗಿಯ ತೋಳು ಮೇಲೆ ಸರಿಯಿತು. ಮೊಣಕೈ ಹತ್ತಿರ ನಾಲ್ಕು ಬೆರಳಿನ ಗುರುತು, ಹಳದಿಗೆ ತಿರುಗಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ನೀನೂ ನೋಡಿದೆ, ಕೈ ನಿಲ್ಲಿಸಿ ಕಾದೆ. ನಾನು "ಒಲೆ ಬಿಸಿಯಾಯ್ತಾ ನೋಡು" ಎಂದೆ. ಪಕ್ಕದ ಕೋಣೆಯಲ್ಲಿ ಡ್ಯಾರನ್ ನಗುತ್ತ ಫುಟ್‌ಬಾಲ್ ನೋಡುತ್ತಿದ್ದ, ಅಂಥ ಒಳ್ಳೆಯ ಹುಡುಗ. ಇದನ್ನೂ ನ್ಯಾಯಾಧೀಶರ ಮುಂದೆ ಹೇಳುತ್ತೇನೆ. ಆದರೆ ಮೊದಲು ನಿನಗೆ ಹೇಳಬೇಕಿತ್ತು: ರಾಜ ಆಲ್ಡ್ರಿಕ್‌ಗೆ ಶಾಪವಿದೆ, ಅವನ ತಪ್ಪಿಲ್ಲ ಎಂದು ನಾನು ಮೊದಲ ಸಲ ಬರೆದದ್ದು ಆ ವಾರ.