ಮೂಲೆ ತಗ್ಗಿರದ ಜಾಮಿಟ್ರಿ ಬಾಕ್ಸ್

ನನ್ನ ಪಾರ್ಟ್ನರ್ ಅನು,

ನೀನು ಹೋದ ಮೇಲೆ ನಿನ್ನನ್ನು ಹೀಗೆ ಕಳ್ಳತನದಲ್ಲಿ ಹಿಡಿಯುತ್ತೇನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅದೂ ಇಲ್ಲಿ, ಸಿಯಾಟಲ್ ಪಕ್ಕದ ಕೆನ್ಮೋರ್‌ನಲ್ಲಿ, ಮದುವೆ ಸೀರೆಗಳನ್ನು ಇನ್ನೂ ಹೊರತೆಗೆಯದ ಸೂಟ್‌ಕೇಸ್ ಪಕ್ಕದಲ್ಲಿ ಕೂತು. ಹೌದು, ನನಗೆ ಮದುವೆಯಾಯಿತು ಕಣೇ! ಕಾರ್ತಿಕ್ ಅಂತ. ಅವನ ನಗುವಿನ ಬಗ್ಗೆಯೇ ಹತ್ತು ಪುಟ ಬರೆಯಬಲ್ಲೆ. ಆದರೆ ಮೊದಲು ನಿನ್ನ ವಿಚಾರಣೆ.

ಮೈಸೂರಿನ ಆ ಹಳೇ ಪುಸ್ತಕದ ಅಂಗಡಿ ನೆನಪಿದೆಯೇ? ಏಳನೇ ಕ್ಲಾಸಿನ ರಜೆಯಲ್ಲಿ ಅಲ್ಲಿ ನಮಗೆ ಜಪಾನಿನ ಮಾಂಗಾ ಚಿತ್ರಕಥೆಯೊಂದರ ಇಂಗ್ಲಿಷ್ ಅನುವಾದದ ಮೊದಲ ಸಂಪುಟ ಸಿಕ್ಕಿತು. ಅಮಾನುಷ ಶಕ್ತಿಯಿರುವ ಇಬ್ಬರು ಪಾರ್ಟ್ನರ್‌ಗಳು, ಯಾರು ಏನು ಕಳೆದುಕೊಂಡರೂ ಹುಡುಕಿ ತಂದುಕೊಡುವುದೇ ಅವರ ಕಸುಬು. ಜಪಾನಿ ಪುಸ್ತಕವನ್ನು ಬಲದಿಂದ ಎಡಕ್ಕೆ ಓದಬೇಕೆಂದು ನಮಗೆ ಯಾರು ಹೇಳಿಕೊಟ್ಟಿದ್ದರು? ಇಂಗ್ಲಿಷ್ ಕಾಮಿಕ್ಸ್‌ನಂತೆ ಎಡದಿಂದಲೇ ಓದಿದೆವು. ನಮ್ಮ ಕಥೆಯಲ್ಲಿ ಆ ಇಬ್ಬರೂ ಮೊದಲು ವಸ್ತುವನ್ನು ಮಾಲೀಕನ ಕೈಯಿಂದ ತೆಗೆದುಕೊಂಡು, ಆಮೇಲೆ ಭಾರೀ ಹೊಡೆದಾಟ ಮಾಡಿ, ಕೊನೆಗೆ ಅದನ್ನು ಎಲ್ಲೋ ಬಚ್ಚಿಟ್ಟು ಬರುತ್ತಿದ್ದರು. ಎಂಥ ವಿಚಿತ್ರ ಹೀರೋಗಳು ಅಂದುಕೊಂಡೆವು. ತಪ್ಪು ಗೊತ್ತಾದ ಮೇಲೆ ನೀನು ಒಂದೊಂದು ಪುಟಕ್ಕೂ ಪೆನ್ಸಿಲಿನಲ್ಲಿ ಬಾಣ ಹಾಕಿದೆ, ನಾನು ದಾರಿ ತಪ್ಪಬಾರದೆಂದು.

ಆಮೇಲೆ ನಾವೇ ಪಾರ್ಟ್ನರ್‌ಗಳಾದೆವಲ್ಲ. ಶಕ್ತಿ ಇರುವುದು ನನಗೆ ಎಂದು ತೀರ್ಮಾನಿಸಿದವಳು ನೀನು. ನೀನು ಬರೀ ಮ್ಯಾನೇಜರ್. ನಾನು ಕಣ್ಣು ಮುಚ್ಚಿ ಎಡಗೈ ಚಾಚಿದರೆ ಸಾಕು, ಟೀಚರರ ಬೀಗದ ಕೈ, ಯಾರದೋ ಕಿವಿಯೋಲೆ, ಎಲ್ಲವೂ ಸಿಗುತ್ತಿತ್ತು. ನನ್ನ ಜಾಮಿಟ್ರಿ ಬಾಕ್ಸ್ ಕಳೆದಾಗಲಂತೂ ನಾನು ಅತ್ತದ್ದು ಇಡೀ ಕಾರಿಡಾರಿಗೆ ಕೇಳಿಸಿತ್ತು. ಮರುದಿನ ಲ್ಯಾಬಿನ ಕಿಟಕಿ ಹಿಂದೆ ಕೈ ಚಾಚಿದೆ, ಸಿಕ್ಕಿತು. ಹಿಂದೊಮ್ಮೆ ಕೆಳಗೆ ಬಿದ್ದು ಅದರ ಮೂಲೆಯಲ್ಲಿ ಆಗಿದ್ದ ತಗ್ಗು ಎಲ್ಲಿ ಹೋಯಿತು ಎಂದು ನಾನು ಕೇಳಿದಾಗ ನೀನು ಏನಂದೆ?

“ಕಳೆದುಹೋದದ್ದು ವಾಪಸ್ ಬರ್ಬೇಕಾದ್ರೆ ಸ್ವಲ್ಪ ಹೊಸದಾಗಿ ಬರುತ್ತೆ ಕಣೇ.”

ನಾನು ನಂಬಿದೆ. ಇಷ್ಟು ವರ್ಷ ನಂಬಿದ್ದೆ. ಡೆಂಗ್ಯೂ ಜ್ವರ ನಿನ್ನನ್ನು ಕರೆದುಕೊಂಡು ಹೋದ ಮೇಲೂ, ನಿಮ್ಮಮ್ಮ ಆ ಪುಸ್ತಕವನ್ನು ನನ್ನ ಕೈಗಿಟ್ಟಾಗಲೂ.

ಮದುವೆಯ ದಿನ ಉಂಗುರ ಹುಡುಕುವ ಶಾಸ್ತ್ರ ಇತ್ತಲ್ಲ, ಬಣ್ಣದ ನೀರಿನ ಬಿಂದಿಗೆಯಲ್ಲಿ ಇಬ್ಬರೂ ಕೈ ಹಾಕಿ, ಯಾರಿಗೆ ಸಿಗುತ್ತದೋ ಮನೆಯಲ್ಲಿ ಅವರದೇ ಆಡಳಿತ ಅಂತಾರಲ್ಲ, ಅದು. ನಾನು ಕಣ್ಣು ಮುಚ್ಚಿ ಎಡಗೈ ಹಾಕಿದೆ. ಪ್ರತಿ ಸಲವೂ ನನಗೇ! ನಮ್ಮತ್ತೆ ಮಗನ ಕಡೆ ನೋಡಿ, “ಮುಗೀತು ನಿನ್ ಕಥೆ” ಅಂದರು. ಎಲ್ಲರೂ ನಗುತ್ತಿದ್ದರೆ ನಾನು ಛತ್ರದ ತುಂಬ ನಿನ್ನ ಮುಖ ಹುಡುಕಿದೆ. ನನ್ನ ಶಕ್ತಿ ಇನ್ನೂ ಇದೆ ನೋಡೇ ಎಂದು ಹೇಳುವುದಕ್ಕೆ.

ಹೋದ ವಾರ ಆ ಪುಸ್ತಕವನ್ನು ಬಸ್ಸಿನಲ್ಲಿ ಬಿಟ್ಟು ಇಳಿದೆ. ನಿನ್ನ ಬಾಣಗಳಿರುವ ಅದೇ ಪುಸ್ತಕ. ಕಾರ್ತಿಕ್‌ನ ಆಫೀಸು ಸಿಯಾಟಲ್‌ನ ಫ್ರೀಮಾಂಟ್‌ನಲ್ಲಿ. ಅವನ ಜೊತೆ ಊಟ ಮಾಡೋಣವೆಂದು ಕುಣಿಯುತ್ತ ಹೊರಟವಳಿಗೆ ಸೀಟಿನ ಮೇಲಿಟ್ಟದ್ದು ಮರೆತೇ ಹೋಯಿತು. ರಸ್ತೆಯಲ್ಲೇ ಕಣ್ಣು ಮುಚ್ಚಿ ಕೈ ಚಾಚಿದೆ, ಹುಚ್ಚಿಯ ಹಾಗೆ. ಏನೂ ಇಲ್ಲ. ನಿನ್ನ ಕೈಯ ಗುರುತು ಅಂತ ನನ್ನ ಹತ್ತಿರ ಉಳಿದಿದ್ದದ್ದು ಅದೊಂದೇ ಅಲ್ಲವಾ...

ಬಸ್ ಸಂಸ್ಥೆಯ ಕಳೆದುಹೋದ ವಸ್ತುಗಳ ಕಚೇರಿಯಲ್ಲಿ ನನ್ನ ಫೋನ್ ನಂಬರ್ ಕೊಟ್ಟು ಬಂದೆವು. ಅಂದಿನಿಂದ ಕಾರ್ತಿಕ್ ಕೆಲಸ ಮುಗಿಸಿ ಸಂಜೆ ಸಂಜೆ ಅಲ್ಲಿಗೆ ಹೋಗಿ ವಿಚಾರಿಸುತ್ತಿದ್ದ. ನನ್ನ ಶಕ್ತಿಯ ಕಥೆಯನ್ನು ನನ್ನಿಂದಲೇ ಕೇಳಿದ್ದವನು, ಮೊನ್ನೆ ಬಾಗಿಲಲ್ಲೇ ನಿಂತು ನನಗೆ ಕಣ್ಣು ಮುಚ್ಚಲು ಹೇಳಿ, ಚಾಚಿದ ಎಡಗೈಯಲ್ಲಿ ಪುಸ್ತಕ ಇಟ್ಟ. ಅದೇ ಸಂಪುಟ, ಅದೇ ಹೊದಿಕೆ! ನಾನು ಕಿರುಚಿ ಅವನನ್ನು ತಬ್ಬಿಕೊಂಡು ಪುಟ ತಿರುಗಿಸಿದೆ. ಒಂದೇ ಒಂದು ಬಾಣವಿಲ್ಲ. ಅವನ ಮುಖ ನೋಡಿದೆ.

“ಬಸ್ಸಲ್ಲಿ ಯಾರೋ ಕ್ಲೀನ್ ಮಾಡಿರ್ಬೇಕು ಕಣೆ,” ಅಂದ ಪಾಪ. “ಹೊಸದರ ಥರ ಆಗಿದೆ ಅಲ್ವಾ?”

ಅನು, ನನ್ನ ಕಾಲಡಿಯ ಕಾರ್ಪೆಟ್ಟನ್ನು ಯಾರೋ ಎಳೆದ ಹಾಗಾಯಿತು. ಅವನು ಅಂಗಡಿ ಅಂಗಡಿ ಅಲೆದು ಕೊಂಡು ತಂದದ್ದಾಗಿ ಒಪ್ಪಿಕೊಂಡ. ನಾನು ಅಳುತ್ತಿರುವುದು ಕೋಪಕ್ಕೆಂದು ತಿಳಿದು, ಕೇಳದೇ ಇದ್ದದ್ದನ್ನೂ ಒಪ್ಪಿಕೊಂಡುಬಿಟ್ಟ: “ಬಿಂದಿಗೇಲಿ ಉಂಗುರಾನೂ ನಾನೇ ನಿನ್ ಕೈಗೆ ತಳ್ಳಿದ್ದು. ಸಾರಿ.”

ನನಗೆ ಅವನ ಮಾತು ಕೇಳಿಸುತ್ತಲೇ ಇರಲಿಲ್ಲ. ಮೂಲೆ ತಗ್ಗಿರದ ಜಾಮಿಟ್ರಿ ಬಾಕ್ಸ್ ಕಣ್ಣ ಮುಂದೆ ನಿಂತಿತ್ತು. ಆ ತಿಂಗಳೆಲ್ಲ ನೀನು ಕ್ಯಾಂಟೀನಿನ ಪಫ್ ಮುಟ್ಟಲಿಲ್ಲ, ಹಲ್ಲುನೋವು ಅಂದೆ. ತಿಂಡಿಯ ದುಡ್ಡೆಲ್ಲ ಹೊಸ ಬಾಕ್ಸಿಗೆ ಹೋಗಿತ್ತು, ಅಲ್ಲವಾ? ಬೀಗದ ಕೈ, ಕಿವಿಯೋಲೆ... ಎಲ್ಲವನ್ನೂ ನೀನೇ ಮೊದಲು ಹುಡುಕಿ, ಮತ್ತೆ ಬಚ್ಚಿಟ್ಟು, ಆಮೇಲೆ “ಇಲ್ಲಿ ಟ್ರೈ ಮಾಡೇ” ಎಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದೆಯಾ? ನಾವು ಎಡದಿಂದ ಓದಿದ ಆ ತಲೆಕೆಳಗಿನ ಕಥೆಯಂತೆಯೇ? ಕಳ್ಳೀ, ನನಗೆ ಯಾವ ಶಕ್ತಿಯೂ ಇರಲಿಲ್ಲ. ನನಗೆ ನೀನಿದ್ದೆ. ಅಷ್ಟೇ.

ಕಾರ್ತಿಕ್ ಅಂದಿನಿಂದ ಸೋತವನಂತೆ ಓಡಾಡುತ್ತಿದ್ದಾನೆ. ಸುಳ್ಳು ಹೇಳಿದ್ದಕ್ಕಿಂತ, ನಿಜವಾದ ಪುಸ್ತಕ ತರಲಾಗಲಿಲ್ಲವೆಂಬುದೇ ಅವನಿಗೆ ಹೆಚ್ಚು ಬೇಸರ. ಆದರೂ ಸಂಜೆ ಆ ಕಚೇರಿಗೆ ಹೋಗುವುದನ್ನು ಬಿಟ್ಟಿಲ್ಲ.

ಇವತ್ತು ಮಧ್ಯಾಹ್ನ ಆ ಕಚೇರಿಯಿಂದ ನನಗೆ ಫೋನ್ ಬಂತು. ಓಡಿದೆ. ಕೌಂಟರಿನ ಹೆಂಗಸು ಪುಸ್ತಕ ಮುಂದಿಟ್ಟಳು. ನಿನ್ನ ಬಾಣಗಳು ಅನು, ಎಲ್ಲವೂ, ನೀನು ಪೆನ್ಸಿಲ್ ಒತ್ತಿ ಹಿಡಿದು ಪುಟ ತೂತಾದದ್ದೂ! ಮುಖಕ್ಕೆ ಒತ್ತಿಕೊಂಡೆ. ಆಮೇಲೆ ನಾನು ಮಾಡಿದ್ದನ್ನು ನಂಬುತ್ತೀಯಾ? ಅದನ್ನು ಮತ್ತೆ ಕೌಂಟರಿನ ಮೇಲೆ ಇಟ್ಟೆ. ಅವಳು ಗಾಬರಿಯಾಗಿ, ಇದು ನಿಮ್ಮದಲ್ಲವೇ ಎಂದು ಕೇಳಿದಳು. ನನ್ನದೇ, ಆದರೆ ಸಂಜೆ ನನ್ನ ಗಂಡ ಬರುತ್ತಾನೆ, ದಯವಿಟ್ಟು ಅವನಿಗೆ ಸಿಗಲಿ, ನಾನು ಬಂದಿದ್ದೆ ಎಂದು ಮಾತ್ರ ಹೇಳಬೇಡಿ ಅಂದೆ. ಅವಳು ನನ್ನನ್ನೇ ನೋಡಿ, ಪ್ರತಿದಿನ ಒದ್ದೆ ಜಾಕೆಟ್ಟಿನಲ್ಲಿ ಬರುವವನಾ ಎಂದು ಕೇಳಿ, ನಕ್ಕು, ಪುಸ್ತಕವನ್ನು ಒಳಗಿಟ್ಟುಕೊಂಡಳು.

ಬರಿಗೈಯಲ್ಲಿ ಬಸ್ ಹತ್ತಿದೆ. ಕಳೆದುಹೋದ ನಿನ್ನನ್ನೇ ಕೈಯಾರೆ ಬಿಟ್ಟು ಬಂದ ಹಾಗೆ ಅನ್ನಿಸುತ್ತಿತ್ತು. ಅಷ್ಟೂ ಸಲ ಹುಡುಕಿದ್ದನ್ನು ಮತ್ತೆ ಬಚ್ಚಿಟ್ಟು ಬರುವಾಗ ನಿನಗೂ ಹೀಗೇ ಆಗುತ್ತಿತ್ತೇ?

ಈಗಷ್ಟೇ ಕಾರ್ತಿಕ್ ಕಾಲ್ ಮಾಡಿದ. ಏದುಸಿರು ಬಿಡುತ್ತಿದ್ದ. “ಮನೇಲೇ ಇದೀಯಾ? ಬಾಗಿಲ ಹತ್ರ ಬಂದು ಕಣ್ ಮುಚ್ಕೊಂಡು ನಿಂತ್ಕೋ. ಈ ಸಲ ನಿಜ.”

ಅವನಿಗೆ ನಾನು ಎಂದೂ ಹೇಳುವುದಿಲ್ಲ, ನಿನ್ನಾಣೆ. ನೀನು ಹೇಳಿದ್ದೆಯಾ?

ಮೆಟ್ಟಿಲ ಮೇಲೆ ಬೂಟಿನ ಸದ್ದು. ಹೊರಟೆ ಕಣೇ, ಕೈ ಚಾಚಬೇಕು.

ನಿನ್ನ
ದಿವ್ಯ